ಒಂದೇ ದಿನ ಎರಡು ಬಿಡುಗಡೆ

೧೬ ಫೆಬ್ರವರಿ ೨೦೨೫, ಭಾನುವಾರ

ಬೆಳಿಗ್ಗೆ ಬಸವನಗುಡಿಯಲ್ಲಿ ಆದದ್ದು ಪುಸ್ತಕ ಬಿಡುಗಡೆ. ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಪಾಲು ಕೊಡಿಸಲು ಮೂವತ್ತು ವರ್ಷ ವಾದಿಸಿದ ವಕೀಲೆ ಅಬೆನಾ ಅವರ ಜೀವನಚರಿತ್ರೆ, ನಾನು ಕನ್ನಡಕ್ಕೆ ತಂದದ್ದು. ತಮ್ಮ ಗೌರೀಶ ಮೈಕ್ ಹಿಡಿದು, "ಘಾನಾದ ಘನ ಮಹಿಳೆ" ಎಂದ. ಶ್ಲೇಷೆ ನನ್ನಿಂದಲೇ ಕದ್ದದ್ದು. ಆದರೂ ಹೆಮ್ಮೆಯಿಂದ ಚಪ್ಪಾಳೆ ತಟ್ಟಿದೆ.

ಸಂಜೆ ಹನುಮಂತನಗರದ ಮನೆಯಲ್ಲಿ ಅದೇ ಗೌರೀಶ ಹಕ್ಕು ಬಿಡುಗಡೆ ಪತ್ರ ಮುಂದಿಟ್ಟ.

"ಅಕ್ಕಾ, ಅಪ್ಪನ ಮನೇಲಿ ಪಾಲು ಬೇಡ ಅಂತ ಒಂದ್ ಸೈನ್ ಹಾಕ್ಬಿಡು."

"ಬೆಳಿಗ್ಗೆ ಅವರನ್ನ ಅಷ್ಟು ಹೊಗಳಿದ್ಯಲ್ಲೋ?"

"ಅದು ಆಫ್ರಿಕಾ ಕಣಕ್ಕಾ."

ಆ ಹೊತ್ತಿನಲ್ಲೂ ನಗು ಬಂತು. ಸಹಿ ಹಾಕಲಿಲ್ಲ. ಆದರೆ ಸಾಕ್ಷಿಯ ಜಾಗದಲ್ಲಿ ಆಗಲೇ ಅಮ್ಮನ ಸಹಿ ಇತ್ತು. ಹೆಬ್ಬೆಟ್ಟು ಒತ್ತುತ್ತಿದ್ದವಳಿಗೆ ಸಹಿ ಹಾಕಲು ಕಲಿಸಿದ್ದು ನಾನೇ.