ಅಳತೆಗೆ ನಿಂತ ಮೈ

ಚಿಕ್ಕಮ್ಮನ ಮನೆ,
ಮಂಗಳವಾರ, ಮಾರ್ಚ್ ೧೨

ನನ್ನ ಗುಬ್ಬಿ,

ಚೆನ್ನಾಗಿದ್ದೀಯಾ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಹೊಟ್ಟೆಯುರಿದು ಪೆನ್ನು ಮುಚ್ಚಿಟ್ಟೆ. ತಡವಾದದ್ದಕ್ಕೆ ಬೈದುಕೋ, ಸುಳ್ಳು ನೆಪ ಹೇಳಲಿಲ್ಲವೆಂದು ಸ್ವಲ್ಪ ಮೆಚ್ಚಿಕೋ.

ಚಿಕ್ಕಮ್ಮ ಬೆಳಗ್ಗೆ ನನ್ನನ್ನು ಎಬ್ಬಿಸುವುದೇ ಇಲ್ಲ. ನಿದ್ದೆ ಮಾಡಲೆಂದೇ ಡಾಕ್ಟರಮ್ಮ ಇಲ್ಲಿಗೆ ಓಡಿಸಿದ್ದಲ್ಲವೇ! ಅರ್ಧ ಊಟ ಬಿಟ್ಟರೂ ಏಕೆ ಉಬ್ಬುತ್ತಿದ್ದೇನೆ ಎಂದು ನಾನು ಅತ್ತಾಗ ಅವರು ತಟ್ಟೆಯ ಮಾತನ್ನೇ ಎತ್ತಲಿಲ್ಲ. "ರಾತ್ರಿ ಎಷ್ಟು ಹೊತ್ತು ಮಲಗ್ತೀರಿ? ಬೇರೆ ಯಾವ ಮಾತ್ರೆ ತಗೋತೀರಿ?" ಎಂದು ಕೇಳಿದರು. ನೂಲಿನ ಧೂಳಿಗೆ ಬರುವ ಸೀನಿಗೆಂದು ವರ್ಷಗಟ್ಟಲೆ ನುಂಗಿದೆನಲ್ಲ, ಆ ಮಾತ್ರೆಯಿಂದಲೂ ಕೆಲವರಿಗೆ ಮೈ ಬರುತ್ತದಂತೆ. ನಿದ್ದೆಗೆಟ್ಟು ಮೆಷಿನ್ ತುಳಿದರೂ ಬರುತ್ತದಂತೆ. ನೀನೂ ಅದೇ ಧೂಳು ಕುಡಿಯುತ್ತೀ. ನಿನಗೆ ಒಂದು ಸೀನಾದರೂ ಬರಬಾರದೇ, ಕಳ್ಳಿ?

ನಮ್ಮ ಹೊಲಿಗೆ ಕಾರ್ಖಾನೆಯ ಪದ್ಧತಿ ನಿನಗೇನೂ ಹೊಸದಲ್ಲ. ಯಾವ ಹೊಸ ಅಂಗಿಯಾದರೂ ಮೊದಲು ನನ್ನ ಮೈಮೇಲೆ ಹಾಕಿ, ನಿನ್ನ ಭಾವ ಸುತ್ತ ಪಿನ್ನು ಚುಚ್ಚಿ, "ಕೈ ಎತ್ತು... ಹಾಂ, ಸರಿ" ಎಂದ ಮೇಲೇ ಉಳಿದ ಅಂಗಿಗಳಿಗೆ ಕತ್ತರಿ ಹಾಕುತ್ತಿದ್ದರು. ಅವರು ನನ್ನನ್ನು ಮೆಚ್ಚಿ ಮದುವೆಯಾದದ್ದೂ ಆ ಕನ್ನಡಿಯ ಮುಂದೆ ನಿಲ್ಲಿಸಿಕೊಂಡೇ. ನಾನು ದಪ್ಪಗಾದಂತೆಲ್ಲ ಅವರು ಹೊಲಿಗೆ ಸಡಿಲಿಸುತ್ತ ಬಂದರು, ಇಬ್ಬರಿಗೂ ಅದು ತಿಳಿಯಲೇ ಇಲ್ಲ. ದೊಗಲೆಯಾಗಿವೆ ಎಂದು ಅಂಗಿಗಳು ಮೂಟೆ ಮೂಟೆ ವಾಪಸು ಬಂದಾಗ, "ಊರ ಜನವೆಲ್ಲ ಒಟ್ಟಿಗೇ ಸೊರಗಿಬಿಟ್ರಾ?" ಎಂದು ಅವರು ನಕ್ಕಿದ್ದು ನೆನಪಿದೆಯೇ? ಮಾಲೀಕರು ನಗಲಿಲ್ಲ. ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ತಂಗಿ ಇದಾಳಲ್ಲ, ಅವಳನ್ನ ನಿಲ್ಸಿ" ಎಂದರು.

ಈಗ ಅಲ್ಲಿ ನೀನು ನಿಲ್ಲುತ್ತೀ. "ಪಿನ್ನು ಚುಚ್ಚುವಾಗ ಭಾವ ನಗಿಸ್ತಾರಕ್ಕ, ಅಲ್ಲಾಡಿದ್ರೆ ಅವರೇ ಬೈತಾರೆ" ಎಂದು ಬರೆದಿದ್ದೀ. ನನ್ನನ್ನು ನಗಿಸಿ ಎಷ್ಟು ಕಾಲವಾಯಿತೆಂದು ಅವರನ್ನೇ ಕೇಳು. ಚಿಕ್ಕವಳಿದ್ದಾಗ ಗೋಡೆಯಿಂದ ಬಿದ್ದು ನಿನ್ನ ಎಡ ಹೆಗಲು ಇಳಿದಿದೆಯಲ್ಲ, ಅದನ್ನೂ ಅವರಿಗೆ ನೆನಪಿಸು. ಇಲ್ಲದಿದ್ದರೆ ಈ ಸಲ ಊರವರ ಅಂಗಿಗಳೆಲ್ಲ ಸೊಟ್ಟಗಾದಾವು! ನೋಡು, ಎಂಥ ಮಾತು ಬರುತ್ತಿದೆ ನನ್ನ ಬಾಯಲ್ಲಿ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವತ್ತು ನಿನ್ನ ಸೊಂಟ ನೆನೆದು ಹಲ್ಲು ಕಡಿಯುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ಹೊತ್ತಿಗೆ ಮಲಗು. ನೂರು ಕಾಲ ತಣ್ಣಗೆ ಬಾಳು. ಸ್ವಲ್ಪ ದಪ್ಪಗೂ ಆಗು ಎಂದು ಹರಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ
ಅಕ್ಕ

ತಾ.ಕ.: ನಿನ್ನ ಭಾವ ಕಳಿಸಿದ ಪಾರ್ಸೆಲ್ ಈಗಷ್ಟೇ ಬಂತು. ನನಗೆಂದು ತಾವೇ ಹೊಲಿದ ನೀಲಿ ಅಂಗಿ. ಹಾಕಿಕೊಂಡೆ, ಎದೆಯ ಹತ್ತಿರ ಗುಂಡಿ ಕೂಡಲಿಲ್ಲ. ನನ್ನ ಹಳೆಯ ಅಳತೆಯೇ ಇನ್ನೂ ಅವರ ಕೈಯಲ್ಲಿ ಕೂತಿದೆ ಪಾಪ ಎಂದು ಖುಷಿಯೇ ಆಯಿತು. ಮಡಿಸಿಡೋಣವೆಂದು ಮಂಚದ ಮೇಲೆ ಹರಡಿದಾಗ ಕಂಡಿತು. ಎಡ ಹೆಗಲನ್ನು ಅರ್ಧ ಇಂಚು ಇಳಿಸಿ ಹೊಲಿದಿದ್ದಾರೆ. ನನ್ನ ಹೆಗಲು ಎರಡೂ ಸಮ ಕಣೇ, ಗುಬ್ಬಿ.