ಹೆಪ್ಪಿಗೆ ಕೂಗು

ವೊಸ್ ಕಣಿವೆ
೯ ನವೆಂಬರ್ ೧೯೭೬

ಪ್ರೀತಿಯ ಹೆರ್ಬೊರ್ಗ್ ಅಕ್ಕನಿಗೆ,

ನಿನ್ನ ಮೂರು ಕಾಗದಗಳೂ ಅಡುಗೆಮನೆಯ ಕಿಟಕಿಯಲ್ಲಿ ಒಂದರ ಮೇಲೊಂದು ಕೂತಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ಬಿಡುವಿರಲಿಲ್ಲ ಎಂದರೆ ನಗುತ್ತೀಯೇನೋ. ಆಸ್ಪತ್ರೆಯ ಪಾಳಿ ಮುಗಿದ ಮೇಲೆ ನಿನಗೆ ಕೂರಲಾದರೂ ಸಿಗುತ್ತದೆ. ನನ್ನ ಒಲೆಮನೆಯಲ್ಲಿ ಹಂಡೆ ಇಳಿಸಿದರೆ ತೊಟ್ಟಿ, ತೊಟ್ಟಿ ತೊಳೆದರೆ ಮತ್ತೆ ಹಂಡೆ.

ಕುರಿಗಳು ಬೆಟ್ಟದಿಂದ ಇಳಿದಿವೆ, ಎರಡು ಕಡಿಮೆ. ಆಲೂಗಡ್ಡೆಯನ್ನು ತುರಿದ್ ಒಬ್ಬಳೇ ಅಗೆದು ತುಂಬಿದಳು. ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ, ಅವಳು ಕಳೆದ ವಾರ ನನ್ನನ್ನು ಬಿಟ್ಟು ತವರಿಗೆ ಹೋದಳು. ಮುಂದಿನ ವರ್ಷದ ಬಿತ್ತನೆಗೆಂದು ಎತ್ತಿಟ್ಟ ಬಾರ್ಲಿಯನ್ನೂ ನಾನು ನೆನೆಹಾಕಿ ಮೊಳಕೆ ಕಟ್ಟಿದ್ದು ಅವಳ ಕಣ್ಣಿಗೆ ಬಿತ್ತು. ಕೂಗಾಡಲಿಲ್ಲ. ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹೇಳಿದಳು: "ಇನ್ನೊಬ್ಬಳು ಇದ್ದಿದ್ರೆ ಹೋಗಿ ಜುಟ್ಟು ಹಿಡೀತಿದ್ದೆ, ಸ್ಯೂರ್. ಮರದ ತೊಟ್ಟಿ ಜೊತೆ ಹೇಗೆ ಜಗಳ ಆಡ್ಲಿ? ಅದನ್ನ ಬಿಟ್ಟ ದಿನ ಹೇಳಿ ಕಳ್ಸು."

ಮಾರ್ಚಿನಲ್ಲಿ ಬಿಯರು ಕಾಯಿಸಲು ಶುರುಮಾಡಿದಾಗ ಅದು ಬರೀ ಶನಿವಾರದ ಹವ್ಯಾಸವಾಗಿತ್ತು. ಆಗ ನಿನಗೆ ಉದ್ದುದ್ದ ಬರೆದಿದ್ದೆ. ಅದರಲ್ಲಿ ಒಂದು ಮಾತನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಕಾರ್ಖಾನೆಯ ಬಿಯರು ಇಡೀ ದೇಶದ ಬಾಯಿಗೆ ಒಂದೇ ನಾಲಿಗೆ ಹೊಲಿಯುತ್ತಿದೆ. ಬಿಯರು ಉಕ್ಕಿಸಲು ಮನೆಗೊಂದು ಹೆಪ್ಪು, ಹೆಪ್ಪಿಗೊಂದು ರುಚಿ ಇದ್ದ ಕಣಿವೆ ನಮ್ಮದು. ಆ ಹೆಪ್ಪನ್ನು ಇಲ್ಲಿ ಯಾರೂ ಮಾರಿದವರಲ್ಲ. ಕೇಳಿದವರಿಗೆ ಕೊಟ್ಟರು, ತಮ್ಮದು ಸತ್ತಾಗ ಅವರಿಂದಲೇ ಕೇಳಿ ತಂದರು. ನಾನು ಓದಿದ ಕರಪತ್ರಗಳು ಅಚ್ಚಾಗುವ ಎಷ್ಟೋ ಮೊದಲೇ ನಮ್ಮ ಅಜ್ಜಿಯರು ಸಮಾಜವಾದಿಗಳಾಗಿದ್ದರು.

ಆದರೆ ಅದಕ್ಕಾಗಿ ಯಾರೂ ಮೂವತ್ತೊಂದು ಸಲ ಕಾಯಿಸುವುದಿಲ್ಲ. ನಾನು ಕಾಯಿಸಿದ್ದೇನೆ.

ಫೆಬ್ರವರಿಯಲ್ಲಿ ಹಿಮ ಕುಸಿದು ದಾರಿ ಮುಚ್ಚಿತು, ನೀನು ಅಪ್ಪನ ಮಣ್ಣಿಗೆ ಬರಲಾಗಲಿಲ್ಲ. ತನ್ನ ಸಾವಿನ ಬಿಯರಿಗೆಂದು ಅಪ್ಪ ತಾನೇ ಬಾರ್ಲಿ ಮೊಳಕೆ ಕಟ್ಟಿ ಒಣಗಿಸಿಟ್ಟಿದ್ದ, ಕೊನೆಯ ವಾರ ಕಂಬಳಿ ಹೊದ್ದು ಹಂಡೆಯ ಮುಂದೆ ಕೂತು ಕಾಯಿಸಿದ. ಹೆಪ್ಪು ಹಳೆಯದಾಗಿತ್ತು, ತೊಟ್ಟಿ ಉಕ್ಕಲಿಲ್ಲ ಎಂದು ನಿನಗೆ ಬರೆದಿದ್ದೆ. ಬಂದವರಿಗೆ ಅಂಗಡಿಯ ಬಾಟಲಿ ಹಂಚಿದೆವು. ಪಕ್ಕದ ಮನೆಯ ಬ್ರಿತಾ ಅಜ್ಜಿ ತನ್ನ ಲೋಟವನ್ನು ಬೋರಲು ಹಾಕಿದಳು.

"ಸತ್ತೋನ ಬಿಯರ್ ಕುಡೀದೆ ಅವನನ್ನ ಕಳಿಸೋಕಾಗಲ್ಲ ಕಣೋ. ಹೊಸ್ತಿಲಲ್ಲೇ ನಿಂತಿರ್ತಾನೆ. ಅಲ್ಲೀವರೆಗೂ ಅಪ್ಪನ ಕುರ್ಚೀಲಿ ಮಗ ಕೂರೋ ಹಾಗಿಲ್ಲ."

ಆವತ್ತು ನಕ್ಕೆ. ಆದರೆ ಒಂಬತ್ತು ತಿಂಗಳಿಂದ ನಿಂತೇ ಊಟ ಮಾಡುತ್ತಿದ್ದೇನೆ. ಅಪ್ಪನ ಕುರ್ಚಿ ಮೇಜಿನ ತುದಿಯಲ್ಲಿದೆ. ತುರಿದ್ ಅದರ ಮೇಲಿನ ಧೂಳು ಒರೆಸುವಾಗ ನಾನು ಹೊರಗೆ ಹೋಗುತ್ತಿದ್ದೆ.

ಕ್ರಿಸ್‌ಮಸ್‌ಗೆ ನೀನು ಬರುವಷ್ಟರಲ್ಲಿ ಆ ಬಿಯರು ಆಗಬೇಕು. ಅಪ್ಪನದೇ ಆಗಬೇಕು. ಊರವರನ್ನು ಕರೆದು, ಕುಡಿಸಿ, ಅವನನ್ನು ಕಳಿಸಿಕೊಡಬೇಕು. ನನಗೆ ಬೇಕಾದದ್ದು ಇಷ್ಟೇ.

ಬ್ರಿತಾ ಅಜ್ಜಿಯೇ ಹೆಪ್ಪು ಕೊಟ್ಟಳು, ಹಿಂದೆ ಅಪ್ಪ ಅವಳಿಗೆ ಕೊಟ್ಟದ್ದರ ಸಂತತಿ. ನೀರಿಗೆ ಹಾಕಿ ಕುದಿಸುವ ಜುನಿಪರ್ ಟೊಂಗೆಗಳನ್ನು ಅಪ್ಪ ಕಡಿಯುತ್ತಿದ್ದ ಇಳಿಜಾರಿನಿಂದಲೇ ತರುತ್ತೇನೆ. ನೀರು ಅದೇ ಝರಿಯದು. ಕಾವು, ಹೊತ್ತು, ಗಾಳಿಯ ದಿಕ್ಕು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ. ತೊಟ್ಟಿಗೆ ಹೆಪ್ಪು ಬೀಳುವಾಗ ಮೈಯಲ್ಲಿರುವಷ್ಟು ಉಸಿರು ತೆಗೆದು ಕೂಗುತ್ತೇನೆ. ಅಪ್ಪನ ಕೂಗಿಗೆ ಕೆರೆಯಾಚೆಯ ನಾಯಿಗಳು ಬೊಗಳುತ್ತಿದ್ದುದು ನಿನಗೆ ನೆನಪಿರಬೇಕು. ಕೂಗಿದಷ್ಟು ಬಿಯರಿಗೆ ಕಸುವು ಎನ್ನುತ್ತಿದ್ದ. ನಾನು ಅದನ್ನು ನಂಬುವವನಲ್ಲ, ಹೆಪ್ಪಿಗೆ ಕಿವಿಯಿಲ್ಲ. ಆದರೂ ಮೂವತ್ತೊಂದು ಸಲವೂ ಕೂಗಿದೆ. ಈಗ ಗಂಟಲು ಒಡೆದು ಕುರಿ ಕರೆದರೂ ಕುರಿ ತಿರುಗಿ ನೋಡುವುದಿಲ್ಲ.

ಬಿಯರು ಕೆಟ್ಟಿತೆಂದುಕೊಳ್ಳಬೇಡ. ಎರಡೇ ದಿನಕ್ಕೆ ಉಕ್ಕಿ ನಿಲ್ಲುತ್ತದೆ, ಜನ ಬಂದು ಕುಡಿದು ಹೊಗಳುತ್ತಾರೆ. ಮೊನ್ಸ್ ಮಾವ ನಾಲ್ಕನೆಯ ಲೋಟಕ್ಕೆ ಹೇಳಿದ: "ಮೂವತ್ತು ಮದುವೆಗಾಗೋಷ್ಟು ಕಾಯಿಸಿದ್ದೀಯ, ಇದ್ದ ಒಬ್ಬ ಹೆಂಡ್ತೀನೂ ಓಡಿಸಿದ್ದೀಯ! ಭೇಷ್ ಕಣಯ್ಯ!" ಎಲ್ಲರೂ ನಕ್ಕರು. ಬ್ರಿತಾ ಅಜ್ಜಿ ಮಾತ್ರ ನಗದೆ, ಕಣ್ಣು ಮುಚ್ಚಿ ಕುಡಿದು, "ಇದು ನಿಮ್ಮಪ್ಪಂದೇ ಕಣೋ. ಸಾಕು, ನಿಲ್ಸು" ಎಂದಳು.

ನಾನು ಅವಳನ್ನು ಬದಿಗೆ ಕರೆದು ಕೇಳಿದೆ: "ಅಜ್ಜಿ, ಮೊನ್ನೆ ನಾನು ಕೂಗಿದಾಗ ಒಲೆಮನೇಲಿ ನೀನೂ ಇದ್ದೆ. ಆಮೇಲೆ ಇನ್ನೊಂದು ಸದ್ದು ಬಂತಲ್ಲ, ಕೇಳಿಸ್ತಾ?"

"ಯಾವ ಸದ್ದೋ?"

"ಯಾರೋ ಉಸಿರು ಬಿಟ್ಟ ಹಾಗೆ."

"ತೊಟ್ಟಿ ಉಸಿರಾಡುತ್ತಪ್ಪ."

"ಹೆಪ್ಪು ಬಿದ್ದ ಗಳಿಗೇಲೇನಾ?"

ಅವಳು ನನ್ನ ಮುಖವನ್ನೇ ನೋಡಿದಳು. "ನೀನು ಊಟ ಮಾಡಿ ಎಷ್ಟು ದಿನ ಆಯ್ತೋ?" ಎಂದು ಕೇಳಿದಳು. ಎಲ್ಲರೂ ಹೋದ ಮೇಲೆ ಉಳಿದದ್ದನ್ನು ಹಿತ್ತಲಿಗೆ ಚೆಲ್ಲಿದೆ. ಪ್ರತಿ ಸಲವೂ ಚೆಲ್ಲುತ್ತೇನೆ. ಅಲ್ಲಿನ ಹಿಮ ಕಂದುಬಣ್ಣಕ್ಕೆ ತಿರುಗಿದೆ.

ಪ್ರತಿ ಸಲವೂ ಆ ಉಸಿರು ಕೇಳುತ್ತದೆ ಅಕ್ಕ, ನನ್ನ ಕೂಗು ಮುಗಿದು ಗೋಡೆ ಸುಮ್ಮನಾಗುವ ನಡುವೆ. ಅದು ಕೇಳಿಸದ ದಿನವೇ ಬಿಯರು ಆಯಿತೆಂದು ತಿಳಿಯುತ್ತೇನೆ. ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನೇ ಒಂದು ಕರಪತ್ರ ಬರೆದು ಅವರನ್ನು ಹೀಯಾಳಿಸುತ್ತಿದ್ದೆ.

ಅಲ್ಲಿ ಉತ್ತರದಲ್ಲಿ ಸೂರ್ಯ ಇನ್ನೇನು ವಾರಗಟ್ಟಲೆ ಮುಳುಗಿಯೇಬಿಡುತ್ತಾನೆ. ಬೆಚ್ಚಗಿರು. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಓಡಾಡಲಿ, ನಿನ್ನ ಒಲೆ ಆರದಿರಲಿ.

ನಿನ್ನ ತಮ್ಮ,
ಸ್ಯೂರ್

ಇನ್ನೊಂದು ಮಾತು: ಅಪ್ಪ ಕೊನೆಗೆ ಏನಾದರೂ ಕೇಳಿದನಾ ಎಂದು ಮೂರು ಕಾಗದದಲ್ಲೂ ಕೇಳಿದ್ದೀಯ. ಕೇಳಿದ್ದ. ಹೆಪ್ಪು ಹಳೆಯದಾಗಿರಲಿಲ್ಲ, ಅಕ್ಕ. ಗಂಟಲಿನ ರೋಗ ಅವನ ಧ್ವನಿಯನ್ನು ಆಗಲೇ ಪೂರ್ತಿ ತಿಂದಿತ್ತಲ್ಲ, ಸೌಟಿನಲ್ಲಿ ಹೆಪ್ಪು ಹಿಡಿದು ತೊಟ್ಟಿಯ ಮುಂದೆ ನಿಂತವನು ತನ್ನ ಬಾಯಿ ತೋರಿಸಿ, ಆಮೇಲೆ ನನ್ನ ಬಾಯಿ ತೋರಿಸಿದ. ನಾನು ಹೇಳಿದೆ: "ಇಂಥ ಮೂಢನಂಬಿಕೆಗೆ ನನ್ನ ಬಾಯಿ ಕೊಡಲ್ಲ ಅಪ್ಪ. ಹಾಗೇ ಹಾಕು, ಆಗುತ್ತೆ." ಅವನು ಎರಡನೆಯ ಸಲ ತೋರಿಸಲಿಲ್ಲ. ತೊಟ್ಟಿಯ ಮೇಲೆ ಬಗ್ಗಿ ತಾನೇ ಬಾಯಿ ತೆರೆದ. ಕುತ್ತಿಗೆಯ ನರಗಳೆಲ್ಲ ಎದ್ದವು, ಹೊರಗೆ ಬಂದದ್ದು ಬರೀ ಉಸಿರು. ಆಮೇಲೆ ಹೆಪ್ಪನ್ನು ತೊಟ್ಟಿಗೆ ಹಾಕದೆ ಒಲೆಯ ಬೂದಿಗೆ ಸುರಿದ. ಸಿಟ್ಟಾಗಲಿಲ್ಲ. ಮನೆಗೆ ನಡೆಯುವಾಗ ಮೆಟ್ಟಿಲಿನ ಹತ್ತಿರ ಕಾಲು ಜಾರೀತೆಂದು ನನ್ನ ತೋಳನ್ನೇ ಹಿಡಿದುಕೊಂಡ.