‘ಇದ್ದೇನೆ’ ಗುಂಡಿ ಒತ್ತಿದವಳು ನಾನು

ಪ್ರಮಾಣಪತ್ರ ರದ್ದು ಮಾಡುವ ವಿಭಾಗದ ಮಾನ್ಯ ಮುಖ್ಯಸ್ಥರೇ,

ನೀವು ತಪ್ಪು ಹೆಂಗಸಿಗೆ ಶಿಕ್ಷೆ ಕೊಟ್ಟಿದ್ದೀರಿ. ಹೋದ ತಿಂಗಳು ಒಂದು ಶನಿವಾರ ಮಧ್ಯಾಹ್ನ ನನ್ನ ಮಗಳು ಮಿನ್ ಹೇ-ರಿಮ್ ಬುಸಾನ್‌ನಲ್ಲಿ ನಿಮ್ಮದೇ ಪರೀಕ್ಷೆ ಬರೆಯುತ್ತಿದ್ದಳು. ಅದೇ ಹೊತ್ತಿಗೆ ಇಲ್ಲಿ ಮಾಸಾನ್‌ನ ಬಟ್ಟೆ ರಿಪೇರಿ ಅಂಗಡಿಯಲ್ಲಿ ಕೂತು, ಅವಳ ಹೆಸರಿನಲ್ಲಿ ನಿಮ್ಮ ಆನ್‌ಲೈನ್ ಪಾಠಕ್ಕೆ ಹಾಜರಿ ಹಾಕಿದವಳು ನಾನು. ಅವಳು ಹಾಕು ಅಂದಿರಲಿಲ್ಲ. ಹಾಕಿದ್ದು ಅವಳಿಗೆ ಗೊತ್ತೂ ಇರಲಿಲ್ಲ. ನೀವು ಅವಳ ಪರೀಕ್ಷೆ ರದ್ದು ಮಾಡಿ, ಮೂರು ವರ್ಷ ಈ ಕಡೆ ತಲೆ ಹಾಕಬಾರದು ಎಂದು ಎರಡು ಸಾಲಿನ ಸಂದೇಶ ಕಳಿಸಿ ಕೈ ತೊಳೆದುಕೊಂಡಿರಿ. ತಪ್ಪು ಮಾಡಿದ ನನಗೆ ಅರ್ಧ ಸಾಲೂ ಬಂದಿಲ್ಲ.

ನಾನು ಹೆಚ್ಚು ಓದಿದವಳಲ್ಲ. ಹದಿನೈದಕ್ಕೆ ಶಾಲೆ ಬಿಟ್ಟು ಇಲ್ಲಿಯ ರಫ್ತು ವಲಯದ ಕಾರ್ಖಾನೆಗೆ ಹೊಲಿಗೆಗೆ ಸೇರಿದೆ. ಅದಕ್ಕೇ ನೇರವಾಗಿ ಬರೆಯುತ್ತೇನೆ. ಸುತ್ತಿ ಬಳಸಿ ಬರೆಯುವುದನ್ನು ಯಾರೂ ಕಲಿಸಲಿಲ್ಲ. ನಿಮ್ಮ ಸಂದೇಶ ನೋಡಿದರೆ, ಎರಡೇ ಸಾಲಿನಲ್ಲೂ ಸುತ್ತಿ ಬಳಸುವಷ್ಟು ನಿಮಗೆ ಚೆನ್ನಾಗಿ ಕಲಿಸಿದ್ದಾರೆ ಅನ್ನಿಸುತ್ತದೆ.

ನನ್ನ ಮಗಳಿಗೆ ನಲವತ್ತೊಂದು. ಹದಿನಾಲ್ಕು ವರ್ಷ ಹಡಗು ಕಟ್ಟುವವರ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಂಡಿದ್ದಳು. ಆ ಕಚೇರಿ ಮುಚ್ಚಿತು. ಆಮೇಲೆ ಎರಡು ವರ್ಷ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸೈಬರ್ ಭದ್ರತೆ ಓದಿದಳು. ಮೊದಲು ಚಿಕ್ಕ ಪ್ರಮಾಣಪತ್ರ, ಆಮೇಲೆ ನೆಟ್‌ವರ್ಕಿನದು, ಕೊನೆಗೆ ನಿಮ್ಮ ಈ ದೊಡ್ಡದು. ಪರದೆ ತುಂಬ ಸಾಲುಗಳು: ಯಾವ ಕಂಪ್ಯೂಟರಿನ ಬಾಗಿಲನ್ನು ಯಾರು, ಎಷ್ಟು ಹೊತ್ತಿಗೆ, ಎಲ್ಲಿಂದ ತಟ್ಟಿದರು ಅಂತ. ಸಾವಿರ ಸಾಲಿನಲ್ಲಿ ಒಂದು ಕಳ್ಳ ಸಾಲು ಇರುತ್ತದಂತೆ. ಅದನ್ನು ಹುಡುಕುವುದೇ ಕೆಲಸ.

“ಇದನ್ನೆಲ್ಲ ಕಣ್ಣಲ್ಲೇ ನೋಡ್ಬೇಕೇನೇ?” ಅಂತ ಕೇಳಿದ್ದೆ.

“ನೀನು ಕೋಟಿನ ಒಳಬಟ್ಟೆ ಮುಟ್ಟಿದ ತಕ್ಷಣ ತಪ್ಪು ಹೊಲಿಗೆ ಹಿಡೀತೀಯಲ್ಲಮ್ಮ, ಹಾಗೇ” ಅಂದಿದ್ದಳು. ಆವತ್ತಿನಿಂದ ಅವಳ ಕೆಲಸ ನನಗೆ ಅರ್ಥವಾಯಿತು. ಅವಳು ಆ ಸಾಲು ಹಿಡಿದಾಗ ನಾಲಿಗೆಯಲ್ಲಿ ‘ಚ್’ ಅನ್ನುತ್ತಿದ್ದಳು. ಹೊಲಿಯುತ್ತ ನಾನು ಆ ಸದ್ದಿಗೇ ಕಾಯುತ್ತಿದ್ದೆ.

ಪರೀಕ್ಷೆ ಬರೆದರೆ ಸಾಲದು, ನಲವತ್ತು ಗಂಟೆ ನಿಮ್ಮ ಪಾಠವನ್ನೂ ಕೇಳಬೇಕು ಅಂತ ನಿಮ್ಮ ನಿಯಮ. ಹತ್ತು ನಿಮಿಷಕ್ಕೊಮ್ಮೆ ಪರದೆಯಲ್ಲಿ ಒಂದು ಗುಂಡಿ ಹಾರಿ ಬರುತ್ತದೆ: ‘ಇದ್ದೇನೆ’. ಒತ್ತದಿದ್ದರೆ ಆ ಗಂಟೆ ಹೋಯಿತು. ಗುಂಡಿ ಒತ್ತಿದ ಬೆರಳಿಗೆ ಭದ್ರತೆಯ ವಿದ್ಯೆ ಬರುತ್ತದೆ ಎಂದು ಕಂಡುಹಿಡಿದ ಪುಣ್ಯಾತ್ಮರು ಯಾರು ಸ್ವಾಮಿ? ಪಕ್ಕದಲ್ಲಿ ಅನ್ನದ ಸುರುಳಿ ಮಾರುವ ಕಿಂಬಪ್ ಅಂಗಡಿಯ ಹೆಂಗಸು ಇಣುಕಿ ನೋಡಿ, “ಏನೇ ಹೇ-ರಿಮ್, ಕೋಳಿಗೆ ಕಾಳು ಕುಕ್ಕೋಕೆ ಕಲಿಸ್ತಿದ್ದಾರಾ?” ಅಂತ ನಕ್ಕಿದ್ದಳು.

ಆ ಶನಿವಾರ ಅವಳು ಬೆಳಗ್ಗೆಯೇ ಬಸ್ಸು ಹತ್ತಿ ಹೋದಳು. ನಾಲ್ಕು ಗಂಟೆಯ ಪಾಠ ಬಾಕಿ ಇತ್ತು, ಭಾನುವಾರ ಕೊನೆಯ ದಿನ. “ನಾಳೆ ಕೂತು ಮುಗಿಸ್ತೀನಮ್ಮ” ಅಂದಿದ್ದಳು. ಮುಖ ಬಿಳಿಚಿತ್ತು; ವಾರದಿಂದ ಸರಿಯಾಗಿ ಉಂಡಿರಲಿಲ್ಲ. ಅವಸರದಲ್ಲಿ ಲ್ಯಾಪ್‌ಟಾಪನ್ನು ತೆರೆದೇ ಬಿಟ್ಟು ಹೋಗಿದ್ದಳು. ಭಾನುವಾರವಾದರೂ ಮಗು ಮಲಗಲಿ ಅಂದುಕೊಂಡು ನಾನು ಪಾಠ ಶುರು ಮಾಡಿದೆ.

ಇದನ್ನು ಮೋಸ ಅನ್ನುತ್ತೀರಿ. ಅನ್ನಿ. ಆದರೆ ನಾವು ಕಾರ್ಖಾನೆಯಲ್ಲಿ ಬೆಳೆದದ್ದೇ ಹೀಗೆ. ಬಾಗಿಲಲ್ಲಿ ಗಡಿಯಾರದ ಪೆಟ್ಟಿಗೆ. ಅದರ ಬಾಯಿಗೆ ಹಾಜರಿ ಚೀಟಿ ತುರುಕಿದರೆ ‘ಟಕ್’ ಅಂತ ಹೊತ್ತು ಅಚ್ಚಾಗುತ್ತಿತ್ತು. ನನ್ನ ಪಕ್ಕದ ಯಂತ್ರದ ಮಾಲ್-ಸುನ್‌ಗೆ ಜ್ವರ ಬಂದು ಹಾಸಿಗೆಯಿಂದ ಏಳಲಾಗದ ದಿನ ಅವಳ ಚೀಟಿ ನಾನು ಒತ್ತಿದೆ, ಅವಳ ಪಾಲಿನ ಕಾಲರುಗಳನ್ನೂ ನಾನೇ ಹೊಲಿದೆ. ನನಗೆ ಹೊಟ್ಟೆನೋವು ಬಂದ ದಿನ ನನ್ನದನ್ನು ಅವಳು ಒತ್ತಿದಳು. ಗೆಳತಿಯ ಚೀಟಿ ಒತ್ತದವಳ ಜೊತೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ಐವತ್ತೈದು ವರ್ಷದ ಈ ಅಭ್ಯಾಸ ನಿಮ್ಮ ಗುಂಡಿ ಕಂಡ ತಕ್ಷಣ ಕೈಗೆ ಬಂತು.

ಪ್ಯಾಂಟಿನ ಅಂಚು ಮಡಿಚುತ್ತ ನಾಲ್ಕು ಗಂಟೆ ಒತ್ತಿದೆ, ಒಂದನ್ನೂ ಬಿಡದೆ. ಪಾಠವನ್ನೂ ಕೇಳಿದೆ. ‘ತೆರೆದ ಪರದೆಯನ್ನು ಬಿಟ್ಟು ಏಳಬೇಡಿ, ಮನೆಯವರನ್ನೂ ನಂಬಬೇಡಿ’ ಅಂತ ನಿಮ್ಮ ಮೇಷ್ಟ್ರು ಹೇಳಿದರು. ಒಳ್ಳೆಯ ಮಾತು ಅಂತ ತಲೆಯಾಡಿಸಿದೆ. ತಲೆಯಾಡಿಸುತ್ತಲೇ ಮತ್ತೆ ಒತ್ತಿದೆ! ನನ್ನಂಥ ಮೂರ್ಖಳನ್ನು ನೀವು ಹುಡುಕಿದರೂ ಸಿಗುತ್ತಿರಲಿಲ್ಲ.

ಸಂಜೆ ಅವಳು ಬಂದಾಗ ಹೆಮ್ಮೆಯಿಂದ ತೋರಿಸಿದೆ.

“ಅಮ್ಮ... ಎಷ್ಟು ಹೊತ್ತಿಗೆ ಶುರು ಮಾಡ್ದೆ?”

“ಒಂದು ಗಂಟೆಗೆ. ಯಾಕೆ?”

“ಒಂದು ಗಂಟೆಗೆ ನಾನು ಅಲ್ಲಿ ಹಾಜರಿಗೆ ಬೆರಳು ಒತ್ತಿ ಒಳಗೆ ಹೋದೆ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದೇ ರಾತ್ರಿ ನಿಮ್ಮ ಕಚೇರಿಗೆ ನಡೆದದ್ದನ್ನು ನಡೆದಂತೆ ಬರೆದು ಕಳಿಸಿದಳು. ‘ನಿಮ್ಮ ಪತ್ರ ತಲುಪಿದೆ’ ಎಂದು ಉತ್ತರ ಬಂತು. ತಲುಪಿದ ಪತ್ರವನ್ನು ಓದುವ ವಿಭಾಗ ಬೇರೆ ಇದೆಯೇ? ಹತ್ತು ದಿನಕ್ಕೆ ಫಲಿತಾಂಶ: ನೂರಕ್ಕೆ ಎಂಬತ್ತಾರು. ಮಾರನೇ ದಿನ ನಿಮ್ಮ ಎರಡು ಸಾಲು.

ನಾನು ಬುಸಾನ್‌ನ ನಿಮ್ಮ ಶಾಖೆಗೆ ಹೋದೆ. ಕೌಂಟರಿನ ಹುಡುಗ ಒಳ್ಳೆಯವನೇ.

“ಅಮ್ಮಾ, ಮೇಲ್ಮನವಿ ಆನ್‌ಲೈನ್‌ನಲ್ಲೇ ಹಾಕ್ಬೇಕು. ಅಭ್ಯರ್ಥಿನೇ ಹಾಕ್ಬೇಕು.”

“ತಪ್ಪು ನನ್ನದಪ್ಪಾ. ಅವಳು ಏನಂತ ಹಾಕ್ತಾಳೆ?”

“ಎರಡು ಆಯ್ಕೆ ಇದೆ. ‘ಬೇರೆಯವರು ಹಾಜರಿ ಹಾಕಿಲ್ಲ’, ಇಲ್ಲಾಂದ್ರೆ ‘ನಾನೇ ಹಾಕಿಸಿದೆ’.”

“ಎರಡೂ ಸುಳ್ಳು! ಅಮ್ಮ ಹೇಳದೆ ಹಾಕಿದ್ಳು ಅನ್ನೋದೆಲ್ಲಿ?”

“ಅದು ಇಲ್ಲಮ್ಮಾ. ನಿಮ್ಮ ನೋಂದಣಿ ಸಂಖ್ಯೆ ಇದ್ರೆ ಕೊಡಿ.”

“ನನಗೆಲ್ಲಿಂದ ಬರ್ಬೇಕು?”

“ಹಾಗಾದ್ರೆ ವ್ಯವಸ್ಥೆಯಲ್ಲಿ ನೀವು ಇಲ್ಲ.”

“ನಿನ್ನ ಮೂಗಿನ ಮುಂದೆ ನಿಂತಿದೀನಲ್ಲೋ!”

ಅವನು ಪಾಪ ಎದ್ದು ಹೋಗಿ ಕಾಗದದ ಲೋಟದಲ್ಲಿ ಕಾಫಿ ತಂದುಕೊಟ್ಟ. ಕುಡಿದು ಬಂದೆ. ಇನ್ನೇನು ಮಾಡಲಿ? ಅವಳ ಹೆಸರಿನಲ್ಲಿ ನಾನೇ ಮೇಲ್ಮನವಿ ಹಾಕೋಣವೆಂದರೆ ಅದೂ ಇದೇ ತಪ್ಪು. ತಪ್ಪೊಪ್ಪಿಕೊಳ್ಳಲೂ ಅದೇ ತಪ್ಪು ಮಾಡಬೇಕು. ಇಷ್ಟು ಭದ್ರವಾದ ಬಾಗಿಲನ್ನು ನಾನು ಎಲ್ಲೂ ನೋಡಿಲ್ಲ. ಅದಕ್ಕೇ ಪತ್ರಿಕೆಯವರ ಕೈಕಾಲು ಹಿಡಿದು ಇಲ್ಲಿ ಬರೆಯುತ್ತಿದ್ದೇನೆ.

ಈಗ ಹೇ-ರಿಮ್ ಹೇಳಿದ ಒಂದು ಮಾತು. ಅದನ್ನು ಅವಳು ಜಗಳಕ್ಕೆ ಹೇಳಿದ್ದಲ್ಲ, ಅನ್ನ ತಿನ್ನುತ್ತ ಸುಮ್ಮನೆ ಹೇಳಿದ್ದು.

“ಅವರದ್ದೇನೂ ತಪ್ಪಿಲ್ಲಮ್ಮ. ಒಬ್ಬಳೇ ಹೆಂಗಸು ಒಂದೇ ಹೊತ್ತಿಗೆ ಎರಡು ಊರಲ್ಲಿದ್ರೆ ನಾನೂ ಹಿಡೀತಿದ್ದೆ. ಆವತ್ತು ಪರೀಕ್ಷೆಯಲ್ಲೂ ಅದೇ ಬಂದಿತ್ತು.”

“ಏನು ಬಂದಿತ್ತು?”

“ಒಬ್ಬ ನೌಕರನ ಹೆಸರಲ್ಲಿ ಎರಡು ಊರಿಂದ ಒಟ್ಟಿಗೆ ಒಳಗೆ ಬಂದಿದ್ದಾರೆ, ಏನು ಮಾಡ್ತೀರಿ ಅಂತ.”

“ನೀನೇನು ಬರೆದೆ?”

“ಬಾಗಿಲು ತಾತ್ಕಾಲಿಕವಾಗಿ ಮುಚ್ಚಿ. ಆಮೇಲೆ ಆ ಮನುಷ್ಯನಿಗೆ ಫೋನ್ ಮಾಡಿ ಕೇಳಿ. ಕೇಳೋ ಮುಂಚೆ ಕಳ್ಳ ಅಂತ ಬರೀಬೇಡಿ.”

ಆ ಉತ್ತರಕ್ಕೆ ನೀವು ಪೂರ್ತಿ ಅಂಕ ಕೊಟ್ಟಿದ್ದೀರಿ, ಸ್ವಾಮಿ. ಅಂಕಪಟ್ಟಿ ನನ್ನ ಮುಂದಿದೆ.

ಪ್ರಾಂತ್ಯದ ಆಸ್ಪತ್ರೆಯವರು ತಮ್ಮ ಕಂಪ್ಯೂಟರುಗಳ ಕಾವಲು ಕೊಠಡಿಗೆ ಅವಳನ್ನು ಆರಿಸಿದ್ದಾರೆ. ಮೂವತ್ತನೇ ತಾರೀಖಿನೊಳಗೆ ಪ್ರಮಾಣಪತ್ರ ಕೊಡಬೇಕು. ಇವತ್ತು ಇಪ್ಪತ್ತಮೂರು. ಮೂರು ವರ್ಷ ಕಳೆದು ಬರುವ ನಲವತ್ತನಾಲ್ಕು ವರ್ಷದ ಹೊಸಬಳಿಗೆ ಯಾರು ಕೆಲಸ ಕೊಡುತ್ತಾರೆ, ನೀವೇ ಹೇಳಿ. ಈಗ ಅವಳು ನನ್ನ ಪಕ್ಕದಲ್ಲಿ ಕೂತು ಪ್ಯಾಂಟಿಗೆ ಜಿಪ್ಪು ಹಾಕುತ್ತಿದ್ದಾಳೆ. ಇಸ್ತ್ರಿ ಮೇಜು ಮತ್ತೆ ಇಸ್ತ್ರಿಗೆ ಸಿಕ್ಕಿದೆ. ‘ಚ್’ ಅನ್ನುವ ಸದ್ದು ನಿಂತುಹೋಗಿದೆ.

ನಾನು ಕೇಳುವುದು ಇಷ್ಟೇ. ನೀವು ಯಾವ ಉತ್ತರಕ್ಕೆ ಅಂಕ ಕೊಟ್ಟಿರೋ ಅದನ್ನು ಒಮ್ಮೆ ನೀವೂ ಮಾಡಿ. ಫೋನ್ ಮಾಡಿ ಕೇಳಿ. ಆಮೇಲೆ ಬೇಕಾದ ಶಿಕ್ಷೆ ಬರೆಯಿರಿ; ನಾಲ್ಕು ಗಂಟೆಯ ಬದಲು ನಾನೂರು ಗಂಟೆ ಪಾಠ ಕೇಳಿಸಿ, ಕೇಳುತ್ತಾಳೆ. ಅಂಗಡಿಯ ನಂಬರು ನಿಮ್ಮ ಬಳಿಯೇ ಇದೆ, ಅವಳ ಅರ್ಜಿಯಲ್ಲಿ. ಫೋನು ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ದಿನಕ್ಕೆರಡು ಸಲ ರಿಂಗಾಗುತ್ತದೆ, ಎತ್ತಿದರೆ ಬ್ಯಾಂಕಿನವರಂತೆ ನಟಿಸುವ ಮೋಸಗಾರರು. ಅವರಾದರೂ ‘ಅಮ್ಮಾ, ನೀವು ಇದ್ದೀರಾ?’ ಎಂದು ಮೊದಲು ಕೇಳುತ್ತಾರೆ.

ಇಂತಿ,
ನಿಮ್ಮ ವ್ಯವಸ್ಥೆಯಲ್ಲಿ ಇಲ್ಲದ,
ಆದರೆ ಇಲ್ಲೇ ಇರುವ
ತಾಕ್ ಬೊಕ್-ಸಿಮ್
ಬಟ್ಟೆ ರಿಪೇರಿ ಅಂಗಡಿ, ಮಾಸಾನ್